ಸದ್ದು ಉಸಿರಿನ ಯಾವ ಕಡೆಗಿದೆ? ನಿದ್ದೆಯಲ್ಲಿ ನರಳುವುದನ್ನೂ ಸ್ಲೀಪ್ ಆಪ್ನಿಯಾವನ್ನೂ ಬೇರೆ ಮಾಡಿ ನೋಡುವ ಬಗೆ

ನಾನು ಎರಡು ಬಗೆಯ ರಾತ್ರಿಗಳನ್ನು ಕೇಳುತ್ತ ಬೆಳೆದವಳು. ಮೊದಲನೆಯದು ಅಪ್ಪನದು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಮಲಗುವ ಕೋಣೆಗೂ ನನ್ನ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಗೊರಕೆ ಏರುತ್ತ ಏರುತ್ತ ಹೋಗಿ ತಟ್ಟನೆ ನಿಂತುಬಿಡುತ್ತಿತ್ತು. ನಾನು ಕತ್ತಲಲ್ಲಿ ಎಣಿಸುತ್ತ ಮಲಗಿರುತ್ತಿದ್ದೆ. ಹತ್ತು, ಹದಿನೈದು, ಇಪ್ಪತ್ತು. ಆಮೇಲೆ ಮುಳುಗಿದವರು ನೀರಿನಿಂದ ತಲೆ ಎತ್ತಿದ ಹಾಗೆ ಒಂದು ದೊಡ್ಡ ಏದುಸಿರು, ಅದರ ಹಿಂದೆಯೇ ಮತ್ತೆ ಗೊರಕೆ. ಅದು ಕೇಳಿಸುವವರೆಗೂ ನನ್ನ ಉಸಿರೂ ಬಿಗಿಹಿಡಿದಿರುತ್ತಿತ್ತು.

ಎರಡನೆಯದು ಗಂಡನದು. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಪಕ್ಕದಲ್ಲಿ ಯಾರೋ ಸಂಕಟಪಡುತ್ತಿರುವ ಸದ್ದಿಗೆ ಎಚ್ಚರವಾಯಿತು. "ಊಂ..." ಎಂದು ಒಂದೇ ಎಳೆ, ಏರಿಲ್ಲ ಇಳಿತವಿಲ್ಲ, ಇನ್ನೇನು ಮುಗಿಯಿತು ಅಂದುಕೊಂಡರೂ ಮುಗಿಯದು. ಭುಜ ಹಿಡಿದು ಅಲ್ಲಾಡಿಸಿದೆ.

"ಎಲ್ಲಿ ನೋಯ್ತಿದೆ ರೀ?"

"ಎಲ್ಲೂ ಇಲ್ಲ. ಯಾಕೆ, ಏನಾಯ್ತು? ಮಲಕ್ಕೋ."

ಹತ್ತು ನಿಮಿಷಕ್ಕೆ ಮತ್ತೆ ಅದೇ ಸದ್ದು.

ಅಪ್ಪನ ಕಾಯಿಲೆಯೇ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಂತುಹೋಗುವ ಸ್ಲೀಪ್ ಆಪ್ನಿಯಾ, ಇವರಿಗೂ ಬಂದಿದೆ ಎಂದು ಆ ರಾತ್ರಿಯೇ ತೀರ್ಮಾನಿಸಿಬಿಟ್ಟೆ. ಆ ತೀರ್ಮಾನ ತಪ್ಪೆಂದು ತಿಳಿಯಲು ನಮಗೆ ಒಂದೂವರೆ ವರ್ಷ ಹಿಡಿಯಿತು. ಈಗ ಯಾರಾದರೂ ಅದೇ ಹೊತ್ತಿನಲ್ಲಿ ಪಕ್ಕದವರ ಉಸಿರಿಗೆ ಕಿವಿಕೊಟ್ಟು ಎದ್ದು ಕೂತಿದ್ದರೆ, ಅವರು ಅಷ್ಟು ಕಾಲ ಕಳೆಯಬೇಕಾಗಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ. ಎರಡೂ ಸದ್ದುಗಳನ್ನು ವರ್ಷಗಟ್ಟಲೆ ಹತ್ತಿರದಿಂದ ಕೇಳಿದವಳು, ಎರಡಕ್ಕೂ ವೈದ್ಯರ ಮುಂದೆ ಕೂತವಳು, ಅಷ್ಟೇ.

ನರಳು ಎಂಬ ಮಾತು

ನಮ್ಮ ಭಾಷೆಯಲ್ಲಿ ನರಳುವುದು ಅಂದರೆ ನೋವು ತಿನ್ನುವುದು. ಜ್ವರದಲ್ಲಿ ನರಳುತ್ತಾರೆ, ಬಡತನದಲ್ಲಿ ನರಳುತ್ತಾರೆ. ಹಾಗಾಗಿ ನಿದ್ದೆಯಲ್ಲಿ ನರಳುತ್ತಾರೆ ಎಂದು ಹೇಳಿದ ತಕ್ಷಣ ಕೇಳಿದವರ ಮನಸ್ಸು ನೋವನ್ನೇ ಹುಡುಕಲು ಹೊರಡುತ್ತದೆ. ನಮ್ಮತ್ತೆ ಮಗನನ್ನು ಪಕ್ಕಕ್ಕೆ ಕರೆದು "ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡಿದ್ದೀಯೇನೋ?" ಎಂದು ಕೇಳಿದ್ದರು. ನಾನೂ ಅದನ್ನೇ ಒಳಗೊಳಗೆ ಕೇಳಿಕೊಂಡಿದ್ದೆ: ನನ್ನನ್ನು ಮದುವೆಯಾಗಿದ್ದಕ್ಕೆ ಇವರಿಗೆ ದುಃಖವೇ?

ಈ ಸದ್ದಿಗೂ ನೋವಿಗೂ ಸಂಬಂಧವಿಲ್ಲ, ಕೆಟ್ಟ ಕನಸಿಗೂ ಇಲ್ಲ. ವೈದ್ಯರು ಇದನ್ನು ಕ್ಯಾಟತ್ರೀನಿಯಾ ಎನ್ನುತ್ತಾರೆ. ಗ್ರೀಕ್ ಭಾಷೆಯ 'ಕೆಳಗೆ' ಮತ್ತು 'ಶೋಕಗೀತೆ' ಎಂಬ ಅರ್ಥದ ಎರಡು ಪದ ಕೂಡಿ ಆದ ಹೆಸರು. ಅಲ್ಲೂ ಹೆಸರಿಟ್ಟವರ ಕಿವಿಗೆ ಅಳುವೇ ಕೇಳಿಸಿದೆ ನೋಡಿ. ಬೆಲ್ಜಿಯಂನ ಸಂಶೋಧಕರು 1983ರಲ್ಲಿ ಇಂಥ ಒಬ್ಬ ರೋಗಿಯ ಬಗ್ಗೆ ಬರೆದರು. 2001ರಲ್ಲಿ ಇಟಲಿಯ ಬೊಲೊನ್ಯದ ನಿದ್ರಾತಜ್ಞರ ತಂಡ ಪ್ರಕಟಿಸಿದ ಲೇಖನದಲ್ಲಿ ಕ್ಯಾಟತ್ರೀನಿಯಾ ಎಂಬ ಹೆಸರು ಬಂತು. ಅಂದರೆ ವೈದ್ಯಲೋಕಕ್ಕೂ ಇದು ತೀರಾ ಈಚಿನ ಪರಿಚಯ. ಸಾಮಾನ್ಯ ವೈದ್ಯರಲ್ಲಿ ಎಷ್ಟೋ ಜನ ಇದನ್ನು ಕಂಡಿರುವುದಿಲ್ಲ. ನಾವೇ ಸರಿಯಾಗಿ ವರ್ಣಿಸಿ ಹೇಳಬೇಕಾಗುತ್ತದೆ.

ಬೆನ್ನ ಮೇಲೆ ಕೈಯಿಟ್ಟು ನೋಡಿ

ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ಸದ್ದು ಬರುತ್ತಿರುವುದು ಉಸಿರು ಒಳಗೆ ಹೋಗುವಾಗಲೋ, ಹೊರಗೆ ಬರುವಾಗಲೋ? ಕಿವಿಯೊಂದನ್ನೇ ನಂಬಿದರೆ ಇದು ತಿಳಿಯುವುದು ಕಷ್ಟ. ನಾನು ಎಷ್ಟೋ ರಾತ್ರಿ ತಪ್ಪು ತಿಳಿದಿದ್ದೆ. ಕೈಗೆ ಬೇಗ ತಿಳಿಯುತ್ತದೆ.

ಒಂದು ರಾತ್ರಿ ಅವರು ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದರು. ನರಳಲು ಶುರುವಾದ ಕೂಡಲೇ ಅಂಗೈಯನ್ನು ಬೆನ್ನಿನ ಮೇಲೆ, ಪಕ್ಕೆಲುಬಿನ ಹತ್ತಿರ, ಭಾರ ಬೀಳದ ಹಾಗೆ ಇಟ್ಟೆ. ಮೊದಲು ಬೆನ್ನು ಅಗಲವಾಗಿ ಉಬ್ಬಿತು. ಮಾಮೂಲಿ ಉಸಿರಿಗಿಂತ ದೊಡ್ಡದು, ಸದ್ದೇ ಇಲ್ಲ. ತುಂಬಿದ ಮೇಲೆ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ "ಊಂ..." ಶುರುವಾಯಿತು, ಅದರ ಜೊತೆಗೆ ನನ್ನ ಅಂಗೈ ನಿಧಾನಕ್ಕೆ, ಬಹಳ ನಿಧಾನಕ್ಕೆ ಇಳಿಯತೊಡಗಿತು. ಅಂಗೈಗೆ ಸಣ್ಣ ನಡುಕ, ವೀಣೆಯ ಬುರುಡೆ ಮುಟ್ಟಿದ ಹಾಗೆ. ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಿದ್ದೆ. ಹದಿನೇಳು ಸೆಕೆಂಡ್. ಕೊನೆಯಲ್ಲಿ ಮೂಗಿನಿಂದ ಒಂದು ಸಣ್ಣ ಫೂತ್ಕಾರ, ಕಾಲು ಸ್ವಲ್ಪ ಕದಲಿತು, ಬೆನ್ನು ಮತ್ತೆ ಅಗಲವಾಗಿ ಉಬ್ಬಿತು.

ಕ್ಯಾಟತ್ರೀನಿಯಾದ ಪೂರ್ತಿ ಚಿತ್ರ ಆ ಹದಿನೇಳು ಸೆಕೆಂಡಿನಲ್ಲಿದೆ. ಆಳವಾಗಿ ಒಳಗೆಳೆದುಕೊಂಡ ಉಸಿರು, ಅದನ್ನು ಹೊರಬಿಡುವಾಗ ಗಂಟಲ ಹತ್ತಿರ ದಾರಿ ಕಿರಿದಾಗಿ ಉದ್ದಕ್ಕೆ ಎಳೆಯುವ ಸದ್ದು, ಕೊನೆಗೊಂದು ನಿಟ್ಟುಸಿರೋ ಫೂತ್ಕಾರವೋ ಸಣ್ಣ ಎಚ್ಚರವೋ. ಒಂದೊಂದು ನರಳಿಕೆ ಎರಡು ಸೆಕೆಂಡಿನಿಂದ ಹಿಡಿದು ಮುಕ್ಕಾಲು ನಿಮಿಷದವರೆಗೂ ಇರಬಹುದು. ಬಿಡಿಬಿಡಿಯಾಗಿ ಬರುವುದು ಕಡಿಮೆ. ಒಂದರ ಹಿಂದೆ ಒಂದು ಸಾಲಾಗಿ ಬಂದು, ಸಾಲು ಕೆಲವು ನಿಮಿಷವೋ ಒಂದು ಗಂಟೆಯೋ ನಡೆದು ನಿಲ್ಲುತ್ತದೆ. ಮಗ್ಗುಲು ಬದಲಿಸಿದರೆ ಹಲವು ಸಲ ಆ ಹೊತ್ತಿಗೆ ನಿಂತುಹೋಗುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗುವಂಥದ್ದು. ನರಳುವವರಿಗೆ ಬೆಳಿಗ್ಗೆ ಏನೂ ನೆನಪಿರುವುದಿಲ್ಲ.

ಅಪ್ಪನ ಎದೆಯ ಮೇಲೂ ಒಮ್ಮೆ ಕೈಯಿಟ್ಟು ನೋಡಿದ್ದೇನೆ, ಅವರು ಸೋಫಾದ ಮೇಲೆ ನಿದ್ದೆಹೋಗಿದ್ದಾಗ. ಅಲ್ಲಿ ಕಂಡದ್ದು ಇದಕ್ಕೆ ತಿರುಗುಮುರುಗು. ಗೊರಕೆ ಉಸಿರೆಳೆದುಕೊಳ್ಳುವಾಗ ಬರುತ್ತಿತ್ತು. ಗೊರಕೆ ನಿಂತ ಮೇಲೆ ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರ ಬೆರಳು ಮೂಗಿನ ಮುಂದೆ ಹಿಡಿದೆ. ಹೊಟ್ಟೆ ಎದ್ದು ಬಿದ್ದು ಹೋರಾಡುತ್ತಿತ್ತು. ಹೊಟ್ಟೆ ಮೇಲಕ್ಕೆ ಬಂದರೆ ಎದೆ ಒಳಕ್ಕೆ. ಬೆರಳಿಗೆ ಮಾತ್ರ ಗಾಳಿಯ ಸುಳಿವೇ ಇಲ್ಲ. ನಾಲಿಗೆಯ ಬುಡ, ಗಂಟಲಿನ ಮೆತ್ತನೆಯ ಭಾಗ ಕುಸಿದು ದಾರಿ ಮುಚ್ಚಿಬಿಟ್ಟಿರುತ್ತದೆ. ದೇಹ ಎಳೆದುಕೊಳ್ಳಲು ಒದ್ದಾಡುತ್ತದೆ, ಗಾಳಿ ಹೋಗುವುದಿಲ್ಲ. ಮಿದುಳು ಬೆಚ್ಚಿ ಅರೆ ಎಚ್ಚರವಾದಾಗ ದಾರಿ ತೆರೆದುಕೊಂಡು ಆ ಏದುಸಿರು ಬರುತ್ತದೆ. ಇದು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ. ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಗಾಳಿ ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಲೆಕ್ಕ ಹಾಕುತ್ತಾರೆ.

ಆಪ್ನಿಯಾದಲ್ಲಿ ಹೆದರಿಸುವುದು ಮೌನ, ನರಳಿಕೆಯಲ್ಲಿ ಹೆದರಿಸುವುದು ಸದ್ದು. ನರಳಿಕೆ ಕೇಳುತ್ತಿದೆ ಅಂದರೆ ಆ ಹೊತ್ತಿನಲ್ಲಿ ಗಾಳಿ, ಸಣ್ಣಗಾದರೂ, ಹೊರಗೆ ಹರಿಯುತ್ತಿದೆ ಎಂದರ್ಥ. ನನಗೆ ಇದು ತಿಳಿದ ಮೇಲೆ ಅರ್ಧ ಭಯ ಹೋಯಿತು.

ಆದರೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಒಬ್ಬರಲ್ಲೇ ಎರಡೂ ಇರಬಹುದು. ರಾತ್ರಿಯ ಒಂದು ಹೊತ್ತಿನಲ್ಲಿ ಗೊರಕೆ ಮತ್ತು ಮೌನ, ಬೆಳಗಿನ ಜಾವ ನರಳಿಕೆ. ಹಾಗಾಗಿ ನರಳಿಕೆ ಎಂದು ಗೊತ್ತಾಯಿತು, ಇನ್ನು ಆಪ್ನಿಯಾ ಇಲ್ಲ ಎಂದು ಮನೆಯಲ್ಲಿ ಕೂತು ತೀರ್ಪು ಕೊಡಬೇಡಿ. ಕೈಯಿಟ್ಟು ನೋಡುವುದು ವೈದ್ಯರಿಗೆ ಸರಿಯಾಗಿ ಹೇಳಲಿಕ್ಕೆ.

ರೆಕಾರ್ಡಿಂಗ್

ಅವರು ನಂಬಿರಲಿಲ್ಲ. "ನಿನಗೆ ಕನಸು ಬಿದ್ದಿರಬೇಕು" ಅನ್ನುತ್ತಿದ್ದರು. ಮೊಬೈಲಿನಲ್ಲಿ ಹಿಡಿಯೋಣ ಎಂದು ಮಲಗುವಾಗ ರೆಕಾರ್ಡರ್ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಎರಡು ಗಂಟೆಯ ಹೊತ್ತಿಗೆ ಬ್ಯಾಟರಿ ಮುಗಿದು ನಿಂತುಹೋಗಿದೆ. ಅದರಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. "ನೋಡಿದೆಯಾ?" ಅಂದರು.

ಆಮೇಲೆ ತಿಳಿಯಿತು, ಹಾಗಾಗಲು ಕಾರಣವಿದೆ. ಕ್ಯಾಟತ್ರೀನಿಯಾ ಹೆಚ್ಚಾಗಿ ರೆಮ್ ನಿದ್ದೆಯಲ್ಲಿ, ಅಂದರೆ ಕನಸು ಜೋರಾಗಿ ಬೀಳುವ, ಕಣ್ಣುಗುಡ್ಡೆ ಸರಸರ ಓಡಾಡುವ ಹಂತದಲ್ಲಿ ಬರುತ್ತದೆ. ಆ ಹಂತ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಬಂದು, ರಾತ್ರಿ ಕಳೆದ ಹಾಗೆ ಉದ್ದವಾಗುತ್ತ ಹೋಗುತ್ತದೆ. ಹಾಗಾಗಿ ನರಳಿಕೆಯ ಹೊತ್ತು ಅಂದರೆ ರಾತ್ರಿಯ ಎರಡನೇ ಅರ್ಧ. ಮೊದಲ ಎರಡು ಗಂಟೆ ಮಾತ್ರ ಹಿಡಿದರೆ ಕೈಗೆ ಏನೂ ಸಿಗದು. ಆಪ್ನಿಯಾ ಹಾಗಲ್ಲ, ರೆಮ್ ನಿದ್ದೆಯಲ್ಲಿ ಅದೂ ಜೋರಾಗುವುದುಂಟು, ಆದರೆ ಅಪ್ಪನದು ಕಣ್ಣು ಮುಚ್ಚಿದ ಅರ್ಧ ಗಂಟೆಗೇ ಶುರುವಾಗುತ್ತಿತ್ತು.

ಆದ್ದರಿಂದ ಮೊಬೈಲನ್ನು ಚಾರ್ಜಿಗೆ ಹಾಕಿಯೇ ಇಡಿ, ಜಾಗ ಖಾಲಿ ಇದೆಯೇ ನೋಡಿಕೊಳ್ಳಿ, ಏರೋಪ್ಲೇನ್ ಮೋಡಿನಲ್ಲಿಡಿ; ಕರೆ ಬಂದರೆ ಕೆಲವು ಫೋನಿನಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತದೆ. ದಿಂಬಿನ ಕೆಳಗೆ ಬೇಡ. ಬಟ್ಟೆಯ ಸದ್ದೇ ತುಂಬಿಕೊಳ್ಳುತ್ತದೆ, ಫೋನೂ ಬಿಸಿಯಾಗುತ್ತದೆ. ತಲೆಯಿಂದ ಒಂದು ಮಾರು ದೂರದಲ್ಲಿ, ಗಟ್ಟಿಯಾದ ಮೇಜಿನ ಮೇಲೆ, ಮೈಕ್ ಅವರ ಕಡೆಗಿರುವಂತೆ ಇಡಿ. ಫ್ಯಾನ್ ಇಲ್ಲದೆ ಆಗದಿದ್ದರೆ ಫೋನಿಗೆ ಗಾಳಿ ನೇರವಾಗಿ ಹೊಡೆಯದ ಹಾಗೆ ನೋಡಿಕೊಳ್ಳಿ. ಗೊರಕೆ ಹಿಡಿಯುವ ಆ್ಯಪ್‌ಗಳು ಸಿಗುತ್ತವೆ, ಸದ್ದು ಬಂದಾಗ ಮಾತ್ರ ಉಳಿಸಿಕೊಳ್ಳುವಂಥವು; ಅವು ನರಳಿಕೆಯನ್ನೂ ಗೊರಕೆ ಎಂದೇ ಹೆಸರಿಸುತ್ತವೆ. ಆ ಹೆಸರನ್ನು ನಂಬದೆ ಸದ್ದನ್ನು ಮಾತ್ರ ಕೇಳಿಸಿಕೊಳ್ಳಿ. ಇನ್ನೊಂದು ತೊಂದರೆ, ಅವು ಮೌನವನ್ನು ಕತ್ತರಿಸಿ ಎಸೆಯುತ್ತವೆ. ಆಪ್ನಿಯಾ ಗುರುತಿಸಲು ಬೇಕಾದದ್ದೇ ಆ ಮೌನ. ಹಾಗಾಗಿ ಒಂದೆರಡು ರಾತ್ರಿಯಾದರೂ ಎಡೆಬಿಡದೆ ಹಿಡಿದ ಪೂರ್ತಿ ರೆಕಾರ್ಡಿಂಗ್ ಇರಲಿ.

ನರಳಿಕೆಯ ಸಾಲು ಶುರುವಾದಾಗ ನಿಮಗೆ ಎಚ್ಚರವಿದ್ದರೆ ಎದ್ದು ಮೂರು ನಿಮಿಷದ ವಿಡಿಯೊ ತೆಗೆಯಿರಿ. ಮುಖಕ್ಕಿಂತ ಎದೆ, ಹೊಟ್ಟೆ ಕಾಣುವುದು ಮುಖ್ಯ. ಹೊದಿಕೆ ಸೊಂಟದವರೆಗೆ ಸರಿಸಿ, ಮಂದ ಬೆಳಕು ಸಾಕು. ಕೊನೆಗೆ ಗಂಟೆ ಎಷ್ಟೆಂದು ಬಾಯಲ್ಲಿ ಹೇಳಿ ನಿಲ್ಲಿಸಿ. ನಮಗೆ ದಾರಿ ತೋರಿಸಿದ್ದು ಅಂಥದ್ದೇ ಒಂದು ವಿಡಿಯೊ.

ಅದನ್ನು ಅವರಿಗೆ ಕೇಳಿಸುವುದು ಹೇಗೆ ಎಂಬುದೂ ಒಂದು ವಿಷಯವೇ. ನಾನು ಮೊದಲ ಸಲ ಬೆಳಿಗ್ಗೆ ಏಳುತ್ತಲೇ, ಇನ್ನೂ ಮುಖ ತೊಳೆಯುವ ಮೊದಲೇ, ಕಿವಿಯ ಹತ್ತಿರ ಹಿಡಿದುಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. "ನಾನಾ ಇದು?" ಅಂದವರು ಆ ದಿನವೆಲ್ಲ ಮಾತಾಡಲಿಲ್ಲ. ರಾತ್ರಿ ಹೇಳಿದರು, ಹಾಸ್ಟೆಲಿನಲ್ಲಿದ್ದಾಗ ಕೋಣೆಯವರು ಈ ಸದ್ದನ್ನು ಅಣಕಿಸಿ, ಇಲ್ಲದ ಅರ್ಥ ಹಚ್ಚಿ ನಗುತ್ತಿದ್ದರಂತೆ. ತಮಾಷೆ ಮಾಡುತ್ತಾರೆ ಅಂದುಕೊಂಡಿದ್ದರಂತೆ, ನಿಜವೆಂದು ತಿಳಿದಿರಲಿಲ್ಲವಂತೆ. ಅವತ್ತಿನಿಂದ ನೆಂಟರ ಮನೆಯಲ್ಲಿ ರಾತ್ರಿ ಉಳಿಯುವುದನ್ನೇ ಬಿಟ್ಟಿದ್ದರು. ಮೊದಲು ವಿಷಯ ಹೇಳಿ, ಇದಕ್ಕೊಂದು ಹೆಸರಿದೆ, ಇಂಥವರು ಬೇರೆಯವರೂ ಇದ್ದಾರೆ ಎಂದು ತಿಳಿಸಿ, ಆಮೇಲೆ ಕೇಳಿಸಿ. ಕೇಳಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಿ.

ಹಗಲು ಹೇಗಿದೆ ನೋಡಿ

ಆಪ್ನಿಯಾ ಹಗಲಿನಲ್ಲೂ ಕಾಣಿಸುತ್ತದೆ. ಅಪ್ಪ ಎಂಟು ಗಂಟೆ ಮಲಗಿ ಎದ್ದರೂ ದಣಿದೇ ಏಳುತ್ತಿದ್ದರು. ಬೆಳಿಗ್ಗೆ ತಲೆನೋವು, ಬಾಯಿ ಒಣಗಿರುತ್ತಿತ್ತು, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರು. ಬಿಪಿ ಮಾತ್ರೆ ಎರಡಾದರೂ ಹತೋಟಿಗೆ ಬರಲಿಲ್ಲ. ಒಂದು ದಿನ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದವರು ಸ್ಟೀರಿಂಗ್ ಹಿಡಿದೇ ತೂಕಡಿಸಿದರು. ಪಕ್ಕದಲ್ಲಿ ಕೂತಿದ್ದ ಅಮ್ಮ ಕೂಗಿ ಎಬ್ಬಿಸಿದರು. ವೈದ್ಯರ ಹತ್ತಿರ ಹೋಗಿದ್ದು ಅದಾದ ಮೇಲೆಯೇ.

ಮನೆಯಲ್ಲೇ ತುಂಬಬಹುದಾದ ಎರಡು ಪ್ರಶ್ನಾವಳಿಗಳಿವೆ. ಎಪ್‌ವರ್ತ್ ಅಳತೆಯನ್ನು ಆಸ್ಟ್ರೇಲಿಯಾದ ಮರ್ರೇ ಜಾನ್ಸ್ 1991ರಲ್ಲಿ ಪ್ರಕಟಿಸಿದರು. ಓದುತ್ತ ಕೂತಾಗ, ಟಿವಿ ನೋಡುವಾಗ, ವಾಹನದಲ್ಲಿ ಕೂತು ಹೋಗುವಾಗ ಎಂಬಂಥ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಾಧ್ಯತೆಗೆ 0ರಿಂದ 3ರವರೆಗೆ ಅಂಕ ಹಾಕಬೇಕು. ಒಟ್ಟು 24ರಲ್ಲಿ 10 ದಾಟಿದರೆ ಹಗಲಿನ ತೂಕಡಿಕೆ ಮಿತಿಮೀರಿದೆ ಎಂದರ್ಥ. ಇನ್ನೊಂದು ಸ್ಟಾಪ್-ಬ್ಯಾಂಗ್: ಜೋರು ಗೊರಕೆ, ಹಗಲಿನ ದಣಿವು, ಉಸಿರು ನಿಲ್ಲುವುದನ್ನು ಬೇರೆಯವರು ಕಂಡಿರುವುದು, ರಕ್ತದೊತ್ತಡ, 35 ದಾಟಿದ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ), 50 ದಾಟಿದ ವಯಸ್ಸು, 40 ಸೆಂಟಿಮೀಟರಿಗಿಂತ ದಪ್ಪ ಕುತ್ತಿಗೆ, ಗಂಡಸಾಗಿರುವುದು. ಎಂಟರಲ್ಲಿ ಮೂರಕ್ಕೆ ಹೌದು ಬಂದರೆ ವೈದ್ಯರ ಬಳಿ ಹೋಗಿ; ಐದಾದರೆ ತಡಮಾಡಬೇಡಿ. ಅಪ್ಪನಿಗೆ ಏಳು ಬಂದಿತ್ತು. ಗಂಡನಿಗೆ ಬಂದದ್ದು ಒಂದೇ, ಗಂಡಸಾಗಿದ್ದಕ್ಕೆ.

ಬೆರಳಿಗೆ ಹಾಕುವ ಆಕ್ಸಿಮೀಟರ್ ನಮ್ಮಲ್ಲೂ ಇತ್ತು, ನಾನೂ ರಾತ್ರಿ ಅವರ ಬೆರಳಿಗೆ ಸಿಕ್ಕಿಸಿ ನೋಡಿದ್ದೆ. 97 ತೋರಿಸಿತು. ಕ್ಯಾಟತ್ರೀನಿಯಾದಲ್ಲಿ ಆಮ್ಲಜನಕ ಸಾಮಾನ್ಯವಾಗಿ ಇಳಿಯುವುದಿಲ್ಲ, ಇಳಿದರೂ ಅಲ್ಪ. ಆಪ್ನಿಯಾದಲ್ಲಿ ಅದು ಗರಗಸದ ಹಲ್ಲಿನ ಹಾಗೆ ಇಳಿದು ಏರಿ ಇಳಿದು ಏರುತ್ತದೆ. ಆದರೆ ಯಾವುದೋ ಒಂದು ನಿಮಿಷದಲ್ಲಿ ಕಂಡ ಒಳ್ಳೆಯ ಅಂಕಿಯಿಂದ ಆಪ್ನಿಯಾ ಇಲ್ಲ ಎಂದು ಹೇಳಲಾಗದು. ರಾತ್ರಿಯಿಡೀ ದಾಖಲಾದದ್ದಕ್ಕೆ ಮಾತ್ರ ಬೆಲೆ.

ಇವು ಬೇರೆ, ಇವಕ್ಕೆ ಕಾಯಬೇಡಿ

ನರಳಿಕೆಯ ಹಾಗೆ ಕೇಳಿಸುವ ಬೇರೆ ಸದ್ದುಗಳೂ ಇವೆ. ಉಸಿರು ಒಳಗೆಳೆಯುವಾಗ ಕೀರಲಾಗಿ, ಎತ್ತರದ ಸ್ವರದಲ್ಲಿ ಬರುವ ಸದ್ದು ಸ್ಟ್ರೈಡರ್. ವಯಸ್ಸಾದವರಲ್ಲಿ ಅದು ಹೊಸದಾಗಿ ಕಾಣಿಸಿಕೊಂಡು, ಜೊತೆಗೆ ನಡಿಗೆ ತಡವರಿಸುವುದು, ಮೈ ಬಿಗಿಯುವುದು, ನಿಂತಾಗ ತಲೆ ತಿರುಗುವುದು ಇದ್ದರೆ ನರರೋಗ ತಜ್ಞರನ್ನು ಬೇಗ ನೋಡಬೇಕು. ಸದ್ದಿನ ಜೊತೆಗೆ ಕೈಕಾಲು ಸೆಟೆದು ಅದುರುವುದು, ನಾಲಿಗೆ ಕಚ್ಚಿಕೊಳ್ಳುವುದು, ಹಾಸಿಗೆ ಒದ್ದೆಯಾಗುವುದು, ಎಬ್ಬಿಸಿದರೂ ಬಹಳ ಹೊತ್ತು ಗೊಂದಲದಲ್ಲಿರುವುದು ಕಂಡರೆ ಅದು ಫಿಟ್ಸ್ ಆಗಿರಬಹುದು. ಹೊರಬಿಡುವ ಉಸಿರಿನಲ್ಲೇ ಸಿಳ್ಳೆಯಂತೆ ಸೊಂಯ್‌ಗುಟ್ಟಿದರೆ ಆಸ್ತಮಾ ನೆನಪಾಗಬೇಕು. ನಿದ್ದೆಯಲ್ಲಿ ಕೂಗಾಡಿ ಒದ್ದು ಗುದ್ದುವುದು ಮತ್ತೊಂದು ಕಾಯಿಲೆ. ಕನವರಿಕೆಯಲ್ಲಿ ಮಾತಿನ ರೂಪ ಇರುತ್ತದೆ. ಕ್ಯಾಟತ್ರೀನಿಯಾದಲ್ಲಿ ಮಾತಿಲ್ಲ, ಬರೀ ಸ್ವರ. ಮಕ್ಕಳು ದಿನವೂ ಗೊರಕೆ ಹೊಡೆದು, ಉಸಿರೆಳೆಯುವಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಟಾನ್ಸಿಲ್, ಅಡಿನಾಯ್ಡ್ ತೋರಿಸಿ.

ಪರೀಕ್ಷೆ, ಮತ್ತು ನಮ್ಮ ಮೊದಲ ವರದಿ

ನಿಜವಾದ ತೀರ್ಮಾನ ಆಗುವುದು ನಿದ್ರಾ ಪರೀಕ್ಷೆಯಲ್ಲಿ, ಪಾಲಿಸೋಮ್ನೋಗ್ರಫಿಯಲ್ಲಿ. ನಾವು ಮೊದಲು ಮಾಡಿಸಿದ್ದು ಮನೆಗೇ ಕೊಟ್ಟುಕಳಿಸುವ ಸಣ್ಣ ಕಿಟ್. ಮೂಗಿಗೆ ಕೊಳವೆ, ಎದೆಗೆ ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ಮೈಕ್ ಇರಲಿಲ್ಲ. ವರದಿ ಬಂತು: ಸೆಂಟ್ರಲ್ ಸ್ಲೀಪ್ ಆಪ್ನಿಯಾ, ಗಂಟೆಗೆ 14. ಸೆಂಟ್ರಲ್ ಅಂದರೆ ಗಂಟಲು ಮುಚ್ಚಿದ್ದಲ್ಲ, ಉಸಿರಾಡು ಎಂಬ ಆಜ್ಞೆಯೇ ಮಿದುಳಿನಿಂದ ಬರದೆ ಹೋಗುವುದು. ಹೃದಯ ವೈಫಲ್ಯ, ಪಾರ್ಶ್ವವಾಯು, ಒಪಿಯಾಯ್ಡ್ ನೋವಿನ ಮಾತ್ರೆಗಳ ಜೊತೆ ಕಾಣುವಂಥದ್ದು. ಮೂವತ್ತೊಂದು ವರ್ಷದ, ದಿನಾ ಐದು ಕಿಲೋಮೀಟರ್ ಓಡುವ ಮನುಷ್ಯನಿಗೆ ಹೃದಯದ ಪರೀಕ್ಷೆಗಳು ಒಂದರ ಮೇಲೊಂದು ಆದವು. ಎಲ್ಲ ಸರಿಯಿತ್ತು. ಆ ಐದು ವಾರ ನಾನು ನಿದ್ದೆ ಮಾಡಲಿಲ್ಲ ಅಂದರೂ ಸರಿಯೇ.

ತಪ್ಪು ಎಲ್ಲಾಯಿತೆಂದು ಆಮೇಲೆ ಒಬ್ಬ ನಿದ್ರಾತಜ್ಞೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಉದ್ದಕ್ಕೆ ನರಳುವಾಗ ಹೊರಬರುವ ಗಾಳಿ ಎಷ್ಟು ತೆಳುವೆಂದರೆ ಮೂಗಿನ ಕೊಳವೆಗೆ ಅದು ನಿಂತ ಹಾಗೇ ಕಾಣುತ್ತದೆ. ಎದೆಯ ಪಟ್ಟಿಯೂ ಹೆಚ್ಚು ಕದಲುವುದಿಲ್ಲ. ಗಾಳಿಯಿಲ್ಲ, ಪ್ರಯತ್ನವೂ ಇಲ್ಲ ಅಂದರೆ ಗೆರೆಯ ಮೇಲೆ ಅದು ಸೆಂಟ್ರಲ್ ಆಪ್ನಿಯಾವೇ. ಸದ್ದು ಕೇಳದವರಿಗೆ ಬೇರೆ ಮಾಡಿ ನೋಡುವ ದಾರಿ ಕಡಿಮೆ. ಆದರೆ ಒಂದು ಗುರುತಿದೆ. ಸೆಂಟ್ರಲ್ ಆಪ್ನಿಯಾದಲ್ಲಿ ಉಸಿರು ಹೊರಗೆ ಬಿಟ್ಟ ಮೇಲೆ, ಎದೆ ಖಾಲಿಯಾಗಿರುವಾಗ ನಿಲುಗಡೆ ಶುರುವಾಗುತ್ತದೆ. ಕ್ಯಾಟತ್ರೀನಿಯಾದಲ್ಲಿ ದೊಡ್ಡ ಉಸಿರು ಒಳಗೆ ತುಂಬಿಕೊಂಡ ಮೇಲೆ ಶುರುವಾಗುತ್ತದೆ. ಅವರು ಬೆರಳಿಟ್ಟು ತೋರಿಸಿದಾಗ ನಮ್ಮ ವರದಿಯ ಪ್ರತಿಯೊಂದು 'ಆಪ್ನಿಯಾ'ದ ಮುಂಚೆಯೂ ಒಂದು ಗುಡ್ಡ ಇತ್ತು. ನನ್ನ ಅಂಗೈಯ ಕೆಳಗೆ ಉಬ್ಬಿದ ಆ ಬೆನ್ನು, ಕಾಗದದ ಮೇಲೆ.

ಆದ್ದರಿಂದ ನಿಮ್ಮವರದು ನರಳಿಕೆ ಎಂಬ ಅನುಮಾನ ಇದ್ದರೆ, ಪರೀಕ್ಷೆಗೆ ಮುಂಚೆಯೇ ಕೇಳಿ: "ಇದರಲ್ಲಿ ಧ್ವನಿ ಮತ್ತು ವಿಡಿಯೊ ದಾಖಲಾಗುತ್ತದೆಯೇ?" ಇಲ್ಲವೆಂದರೆ ಪ್ರಯೋಗಾಲಯದಲ್ಲೇ ಇಡೀ ರಾತ್ರಿ ಮಲಗಿ ಮಾಡುವ ಪರೀಕ್ಷೆ ಸಾಧ್ಯವೇ ಎಂದು ವಿಚಾರಿಸಿ. ಅರ್ಧ ರಾತ್ರಿಗೆ ಮುಗಿಸುವುದು ಬೇಡ, ಬೆಳಗಿನ ಜಾವವೇ ನಮಗೆ ಬೇಕಾದದ್ದು. ವೈದ್ಯರಿಗೆ ಹೇಳುವಾಗ "ನಿದ್ದೆಯಲ್ಲಿ ನರಳ್ತಾರೆ" ಎಂದಷ್ಟೇ ಹೇಳಿದರೆ ಸಾಲದು. ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದು ಹೀಗಿತ್ತು: "ಮೊದಲು ಆಳವಾಗಿ ಉಸಿರೆಳೆದುಕೊಳ್ಳುತ್ತಾರೆ. ಹೊರಬಿಡುವಾಗ ಹತ್ತರಿಂದ ಇಪ್ಪತ್ತು ಸೆಕೆಂಡ್ ಒಂದೇ ಸ್ವರದ ಸದ್ದು. ಕೊನೆಯಲ್ಲಿ ಮೂಗಿನಿಂದ ಫೂತ್ಕಾರ. ಮೂರೂವರೆಯಿಂದ ಐದೂವರೆಯ ನಡುವೆ, ವಾರದಲ್ಲಿ ಐದಾರು ರಾತ್ರಿ. ಗೊರಕೆ ಇಲ್ಲ. ಹಗಲು ತೂಕಡಿಕೆ ಇಲ್ಲ. ಕಾಲೇಜಿನ ದಿನಗಳಿಂದ ಇದೆ." ಅದರ ಜೊತೆಗೆ ಆ ವಿಡಿಯೊ. ತಜ್ಞೆ ಎರಡು ಸಲ ನೋಡಿ, "ಇದನ್ನು ಮೊದಲೇ ಯಾರಿಗಾದರೂ ತೋರಿಸಿದ್ದಿರಾ?" ಎಂದು ಕೇಳಿದರು. ತೋರಿಸಿರಲಿಲ್ಲ. ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ವರದಿಯಲ್ಲಿ ಎಎಚ್‌ಐ ಎಂಬ ಅಂಕಿ ಇರುತ್ತದೆ, ಗಂಟೆಗೆ ಎಷ್ಟು ಸಲ ಉಸಿರು ನಿಂತಿದೆ ಅಥವಾ ತಗ್ಗಿದೆ ಎಂಬ ಲೆಕ್ಕ. ದೊಡ್ಡವರಲ್ಲಿ 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಎರಡನೇ ಪರೀಕ್ಷೆಯಲ್ಲಿ ನರಳಿಕೆಯನ್ನು ಬೇರೆ ಇಟ್ಟು ಎಣಿಸಿದಾಗ ನಮ್ಮ 14 ಇಳಿದು 2 ಆಯಿತು.

ಇದನ್ನು ಎಲ್ಲಿ ಸೇರಿಸಬೇಕೆಂದು ವೈದ್ಯರೇ ಚರ್ಚಿಸಿದ್ದಾರೆ. ನಿದ್ರಾ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣದ 2005ರ ಆವೃತ್ತಿ ಇದನ್ನು ನಿದ್ದೆಯಲ್ಲಿ ನಡೆಯುವುದು, ಕನವರಿಸುವುದು ಇರುವ ಪ್ಯಾರಾಸೋಮ್ನಿಯಾಗಳ ಜೊತೆ ಇಟ್ಟಿತ್ತು. 2014ರ ಆವೃತ್ತಿ ಅಲ್ಲಿಂದ ತೆಗೆದು ಉಸಿರಾಟದ ಅಧ್ಯಾಯಕ್ಕೆ ತಂದು, ಗೊರಕೆಯ ಪಕ್ಕದಲ್ಲಿ ಬಿಡಿ ಲಕ್ಷಣವಾಗಿ ಕೂರಿಸಿತು. ವರದಿಯಲ್ಲಿ ಯಾವ ಹೆಸರಿದ್ದರೂ ಗಾಬರಿಯಾಗಬೇಡಿ.

ಗೊತ್ತಾದ ಮೇಲೆ

ಅಪ್ಪನಿಗೆ ಸಿಪ್ಯಾಪ್ ಯಂತ್ರ ಬಂತು. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯ ಅದು: ಮುಖವಾಡದ ಮೂಲಕ ಗಾಳಿಯನ್ನು ಒತ್ತಡದಲ್ಲಿ ಕೊಟ್ಟು ಗಂಟಲು ಕುಸಿಯದ ಹಾಗೆ ಹಿಡಿದಿಡುವುದು. ಅದನ್ನು ಹಾಕಿದ ಮೊದಲ ರಾತ್ರಿ ಗೋಡೆಯಾಚೆ ಸದ್ದೇ ಇಲ್ಲ. ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತು ಅವರ ಹೊಟ್ಟೆ ಏರಿಳಿಯುವುದನ್ನು ನೋಡಿ ಬಂದೆ. ಆಪ್ನಿಯಾ ಇದ್ದವರು ಚಿಕಿತ್ಸೆ ಬಿಡುವಂತಿಲ್ಲ. ಅದು ರಕ್ತದೊತ್ತಡದ, ಹೃದಯದ ಪ್ರಶ್ನೆ, ರಸ್ತೆಯ ಮೇಲಿನ ಪ್ರಾಣದ ಪ್ರಶ್ನೆ. ಮಲಗುವ ಮುಂಚೆ ಮದ್ಯ, ಕೇಳದೆ ನುಂಗುವ ನಿದ್ದೆ ಮಾತ್ರೆ ಎರಡೂ ಅದನ್ನು ಕೆರಳಿಸುತ್ತವೆ.

ಬರಿಯ ಕ್ಯಾಟತ್ರೀನಿಯಾ ಇದ್ದು, ಹಗಲು ಚೆನ್ನಾಗಿದ್ದರೆ ಎಷ್ಟೋ ಜನಕ್ಕೆ ಚಿಕಿತ್ಸೆಯೇ ಬೇಡ. ಖಚಿತವಾಗಿ ಕೆಲಸ ಮಾಡುವ ಮಾತ್ರೆ ಇದಕ್ಕಿಲ್ಲ. ಕೆಲವರಿಗೆ ಸಿಪ್ಯಾಪ್‌ನಿಂದಲೂ, ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನದಿಂದಲೂ ಕಡಿಮೆಯಾಗಿದೆ. ಬೆಳಿಗ್ಗೆ ದಣಿವು ಇದ್ದರೆ ಅಥವಾ ಮನೆಯವರಿಗೆ ನಿದ್ದೆಯೇ ಇಲ್ಲವಾಗಿದ್ದರೆ ವೈದ್ಯರೊಡನೆ ಕೂತು ಅದನ್ನು ಯೋಚಿಸಬಹುದು. ನಮ್ಮವರು ಬೇಡವೆಂದರು.

ಹಾಗಾದರೆ ನಿದ್ದೆ ಕೆಡುವುದು ಪಕ್ಕದಲ್ಲಿ ಮಲಗುವವರದು. ಅದನ್ನು ಬಾಯಿಬಿಟ್ಟು ಹೇಳಿ, ಅದರಲ್ಲಿ ತಪ್ಪಿಲ್ಲ. ನಾನು ಮೆತ್ತನೆಯ ಫೋಮ್ ಇಯರ್‌ಪ್ಲಗ್ ಹಾಕುತ್ತೇನೆ; ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಇನ್ನೊಂದು ಕೈಯಲ್ಲಿ ಮೇಲಕ್ಕೆಳೆದು ಒಳಗಿಟ್ಟು, ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹೊಸೆಯದೆ ತುರುಕಿದರೆ ಪ್ರಯೋಜನವಿಲ್ಲ. ಅವರಿಗಿಂತ ಒಂದು ಗಂಟೆ ಮೊದಲೇ ಮಲಗುತ್ತೇನೆ, ಜಾವದ ಹೊತ್ತಿಗೆ ನನ್ನ ಆಳನಿದ್ದೆ ಆಗಿರುತ್ತದೆ. ಎಚ್ಚರವಾದರೆ ಕೂಗಿ ಎಬ್ಬಿಸುವುದಿಲ್ಲ. ಸೊಂಟದ ಹತ್ತಿರ ಕೈಯಿಟ್ಟು ಮೆಲ್ಲಗೆ ತಳ್ಳಿ "ಆ ಕಡೆ ತಿರುಗಿ" ಅನ್ನುತ್ತೇನೆ, ನಿದ್ದೆಯಲ್ಲೇ ತಿರುಗುತ್ತಾರೆ, ಸದ್ದು ನಿಲ್ಲುತ್ತದೆ. ಪರೀಕ್ಷೆಯ ದಿನಗಳಲ್ಲಿ ಬೇರೆ ಕೋಣೆಯಲ್ಲೂ ಮಲಗಿದ್ದುಂಟು. ಅವರೇ ಹಾಸಿಗೆ ಹಾಸಿಕೊಟ್ಟಿದ್ದರು.

ವರ್ಷಕ್ಕೊಮ್ಮೆ ಒಂದು ಪೂರ್ತಿ ರಾತ್ರಿಯ ರೆಕಾರ್ಡಿಂಗ್ ಈಗಲೂ ಮಾಡುತ್ತೇನೆ, ಫೋನನ್ನು ಅದೇ ಮೇಜಿನ ಮೇಲೆ ಅಷ್ಟೇ ದೂರದಲ್ಲಿಟ್ಟು. ವಯಸ್ಸಾದಂತೆ, ತೂಕ ಏರಿದಂತೆ ಆಪ್ನಿಯಾ ಯಾರಿಗಾದರೂ ಬರಬಹುದು; ಮೊದಲು ಇಲ್ಲವೆಂದದ್ದು ಆಮೇಲೂ ಇರದು ಎಂದೇನಿಲ್ಲ. ಕೇಳುವಾಗ ನರಳಿಕೆಯನ್ನು ದಾಟಿಸಿಬಿಡುತ್ತೇನೆ. ಅದರ ಆಚೀಚೆ ಗೊರಕೆ ಹೊಸದಾಗಿ ಸೇರಿದೆಯೇ, ಗೊರಕೆ ನಿಂತ ಮೇಲೆ ಹತ್ತು ಎಣಿಸುವಷ್ಟು ಮೌನ ಇದೆಯೇ, ಅದರ ಕೊನೆಗೆ ಅಪ್ಪನ ಆ ಏದುಸಿರು ಕೇಳುತ್ತದೆಯೇ ಎಂದು ನೋಡುತ್ತೇನೆ. ಕೇಳಿದ ದಿನ ಮತ್ತೆ ನಿದ್ರಾತಜ್ಞರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.